ಅಪ್ಪ ಗಟ್ಟಿಮುಟ್ಟಾಗಿದ್ದರು, ಆದರೂ ಕ್ಯಾನ್ಸರ್ ಯಾಕೆ ಬಂತು?

ಪ್ರಶ್ನೆ: ನಮ್ಮದು ಅರಕಲಗೂಡು ತಾಲ್ಲೂಕು. ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುತ್ತೇವೆ. ಅಪ್ಪನಿಗೆ 61 ವರ್ಷ. ಜ್ವರ, ನೆಗಡಿ ಅಂತ ಹಾಸಿಗೆ ಹಿಡಿದವರೇ ಅಲ್ಲ. ಎಲೆ-ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಚಿಕ್ಕಂದಿನಿಂದ ಇದೆ. ನನಗೂ ಸ್ವಲ್ಪ ಇದೆ. ಅವರ ಎಡಗೆನ್ನೆಯ ಒಳಗಿನ ಹುಣ್ಣು ಮಾಯಲೇ ಇಲ್ಲ. ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಅಂತ ಬಂತು. ಇಂಥ ಗಟ್ಟಿ ಆಳಿಗೆ ರೋಗನಿರೋಧಕ ಶಕ್ತಿ ಕೈಕೊಟ್ಟಿದ್ದು ಹೇಗೆ? ದೇಹಕ್ಕೆ ಗೊತ್ತೇ ಆಗಲಿಲ್ವಾ? ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ಒಂದೆರಡು ತಿಂಗಳು ಶಕ್ತಿ ಹೆಚ್ಚಿಸುವ ಕಷಾಯ ಕೊಟ್ಟು ನೋಡೋಣ ಅಂತ ನೆಂಟರು ಹೇಳುತ್ತಿದ್ದಾರೆ. ಇಮ್ಯುನೋಥೆರಪಿ ಅಂತಲೂ ಕೇಳಿದ್ದೇವೆ. ಅದೂ ಇದೂ ಒಂದೇನಾ?

ಉತ್ತರ: ತುರ್ತಿನದನ್ನು ಮೊದಲು ಹೇಳಿಬಿಡುತ್ತೇನೆ. ಆಪರೇಷನ್ ದಿನವನ್ನು ಮುಂದೂಡಬೇಡಿ. ಬಾಯಿ ಕ್ಯಾನ್ಸರ್‌ನಲ್ಲಿ ಒಂದೆರಡು ತಿಂಗಳು ಅನ್ನೋದು ಸಣ್ಣ ಅವಧಿ ಅಲ್ಲ. ಅಷ್ಟರಲ್ಲಿ ಕೆನ್ನೆಯ ಗಡ್ಡೆ ದವಡೆ ಮೂಳೆಗೋ ಕುತ್ತಿಗೆಯ ಗಂಟುಗಳಿಗೋ ಹೋಗಿಬಿಡಬಹುದು. ಇವತ್ತು ಕತ್ತರಿಸಿ ತೆಗೆಯಲು ಆಗುವಂಥದ್ದು ಆಗ ಆಗದೆ ಹೋಗಬಹುದು. ಕಷಾಯಕ್ಕೆ ಯಾಕೆ ಕಾಯಬಾರದು ಅನ್ನೋದು ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲೇ ಇದೆ. ಹಾಗಾಗಿ ಅದನ್ನು ಬಿಡಿಸಿ ಬರೆಯುತ್ತೇನೆ.

ದೇಹಕ್ಕೆ ಗೊತ್ತೇ ಆಗಲಿಲ್ವಾ ಅಂತ ಕೇಳಿದ್ದೀರಿ. ಬಹಳ ಸಲ ಗೊತ್ತಾಗಿರುತ್ತದೆ. ನಾನು ಪ್ಯಾಥಾಲಜಿ ವೈದ್ಯೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬರುವ ಬಯಾಪ್ಸಿ ತುಣುಕುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಕೆನ್ನೆ ಕ್ಯಾನ್ಸರಿನ ತುಣುಕನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕಿದಾಗ ಕ್ಯಾನ್ಸರ್ ಕೋಶಗಳು ಗುಲಾಬಿ ಗುಂಪುಗಳಾಗಿ ಕಾಣುತ್ತವೆ. ಕೆಲವು ಗುಂಪುಗಳ ನಡುವೆ ಪದರ ಪದರವಾಗಿ ಸುತ್ತಿಕೊಂಡ ಉಂಡೆಗಳಿರುತ್ತವೆ. ಈ ಗುಂಪುಗಳ ಸುತ್ತ ಕಡು ನೀಲಿ ಚುಕ್ಕೆಗಳು ಒತ್ತೊತ್ತಾಗಿ ಸೇರಿರುತ್ತವೆ. ಆ ಚುಕ್ಕೆಗಳೇ ಲಿಂಫೋಸೈಟ್‌ಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಕೆಲವರ ಸ್ಲೈಡಿನಲ್ಲಿ ಅವು ಗಡ್ಡೆಯ ಅಂಚಿನ ತನಕ ಬಂದು ಅಲ್ಲೇ ನಿಂತಿರುತ್ತವೆ. ಒಳಗೆ ಒಂದೂ ಹೋಗಿರುವುದಿಲ್ಲ. ಇನ್ನು ಕೆಲವರಲ್ಲಿ ಒಳಗೂ ನುಗ್ಗಿರುತ್ತವೆ, ಆದರೆ ಅವುಗಳ ಪಕ್ಕದಲ್ಲೇ ಒಂದು ಕ್ಯಾನ್ಸರ್ ಕೋಶ ಏನೂ ಆಗದೆ ಎರಡಾಗುತ್ತಿರುತ್ತದೆ. ನೀಲಿ ಚುಕ್ಕೆಗಳೇ ಇಲ್ಲದ ಸ್ಲೈಡ್‌ಗಳೂ ಉಂಟು.

ಹಾಗಾಗಿ ನಿಮ್ಮ ತಂದೆಯವರ ದೇಹ ಸುಮ್ನೆ ಕೂತಿತ್ತು ಅಂತ ತಿಳಿಯಬೇಡಿ. ಅಲ್ಲಿಗೆ ಬಂದ ಕಣಗಳು ಯಾಕೆ ಕೊಲ್ಲಲಿಲ್ಲ ಅನ್ನೋದನ್ನು ನೋಡಬೇಕು.

ಜ್ವರ, ನೆಗಡಿ ಬೇಗ ವಾಸಿಯಾಗುವುದು ಬೇರೆ, ಕ್ಯಾನ್ಸರ್ ತಡೆಯುವುದು ಬೇರೆ. ನೆಗಡಿಯ ವೈರಸ್ ಹೊರಗಿನದು. ಕ್ಯಾನ್ಸರ್ ಕೋಶ ನಮ್ಮದೇ ಕೋಶ, ಕೆಟ್ಟಿದೆ ಅಷ್ಟೇ. ಲಿಂಫೋಸೈಟ್‌ಗಳಲ್ಲೇ ಕೊಲ್ಲುವ ಕೆಲಸ ಮಾಡುವ ಟಿ ಕೋಶಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಪಳಗುವುದು ಎದೆ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಅಲ್ಲಿ ನಮ್ಮದೇ ಪ್ರೋಟೀನಿನ ಮೇಲೆ ಜೋರಾಗಿ ಎಗರುವ ಟಿ ಕೋಶಗಳನ್ನು ದೇಹವೇ ಸಾಯಿಸಿಬಿಡುತ್ತದೆ. ಇಲ್ಲದಿದ್ದರೆ ಅವು ನಮ್ಮ ಲಿವರ್, ಕಿಡ್ನಿ, ಕೀಲುಗಳನ್ನೇ ತಿನ್ನುತ್ತವೆ. ಹೊರಗೆ ಬಂದ ಟಿ ಕೋಶ ಒಂದೊಂದು ಕೋಶದ ಮೈಯನ್ನೂ ತಡವಿ ನೋಡುತ್ತದೆ. ನಮ್ಮ ಬಹುತೇಕ ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತಿರುತ್ತದೆ. ಚೂರು ಮಾಮೂಲಿನದಾದರೆ ಟಿ ಕೋಶ ಮುಂದೆ ಹೋಗುತ್ತದೆ. ವೈರಸ್ಸಿನದೋ ಕೆಟ್ಟ ಪ್ರೋಟೀನಿನದೋ ಆದರೆ ಆ ಕೋಶವನ್ನು ಕೊಲ್ಲುತ್ತದೆ. ಹೊಗೆಸೊಪ್ಪು ಕೋಶದ ಡಿಎನ್‌ಎಯನ್ನು ನೂರಾರು ಕಡೆ ಕೆಡಿಸುತ್ತದೆ. ಹಾಗಾಗಿ ಹೊಗೆಸೊಪ್ಪಿನಿಂದ ಬಂದ ಕ್ಯಾನ್ಸರಿನಲ್ಲಿ ಕೆಟ್ಟ ಚೂರುಗಳು ಸಾಕಷ್ಟು ಇರುತ್ತವೆ. ಟಿ ಕೋಶಕ್ಕೆ ಗುರುತು ಹಿಡಿಯಲು ಅವಕಾಶ ಇದ್ದೇ ಇರುತ್ತದೆ.

ಗುರುತು ಹಿಡಿದು ಕೊಲ್ಲುವುದೂ ನಡೆಯುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯನ್ನು ಬಿಡದೆ ತಿನ್ನಬೇಕು. ಅವರಿಗೆ ಚರ್ಮದ ಕ್ಯಾನ್ಸರ್, ಲಿಂಫೋಮಾ ಎಂಬ ಲಿಂಫೋಸೈಟ್‌ಗಳ ಕ್ಯಾನ್ಸರ್ ಬರುವುದು ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಕಾಟ್ಲೆಂಡಿನ ವೈದ್ಯರು 2003ರಲ್ಲಿ ಒಂದು ಘಟನೆ ವರದಿ ಮಾಡಿದರು. ಒಬ್ಬರೇ ದಾನಿಯ ಎರಡು ಕಿಡ್ನಿಗಳನ್ನು ಇಬ್ಬರಿಗೆ ಹಾಕಿದ್ದರು. ಇಬ್ಬರಿಗೂ ಮೆಲನೋಮಾ ಎಂಬ ಕ್ಯಾನ್ಸರ್ ಬಂತು. ವಿಚಾರಿಸಿದರೆ, ಆ ದಾನಿ 16 ವರ್ಷ ಮುಂಚೆ ಮೆಲನೋಮಾ ತೆಗೆಸಿಕೊಂಡು ವಾಸಿಯಾದವರು! ಅಷ್ಟೂ ವರ್ಷ ಅವರ ದೇಹ ಉಳಿದ ಕೋಶಗಳನ್ನು ತಲೆ ಎತ್ತದಂತೆ ಹಿಡಿದಿಟ್ಟಿತ್ತು. ಆ ಹಿಡಿತ ಇಲ್ಲದ ದೇಹಕ್ಕೆ ಹೋದ ಮೇಲೆ ಅವು ಬೆಳೆದವು. ನಿಮ್ಮ ತಂದೆಯವರ ಕೆನ್ನೆಯಲ್ಲೂ ಇಂಥ ಜಟಾಪಟಿ ವರ್ಷಗಟ್ಟಲೆ ಒಳಗೊಳಗೇ ನಡೆದಿರಬಹುದು.

ಆಮೇಲೆ ಏನಾಗುತ್ತದೆ? ನೀವು ಆಲೂಗಡ್ಡೆ ಬೆಳೆಯುವವರು, ಅಂಗಮಾರಿ ರೋಗಕ್ಕೆ ವರ್ಷಾನುಗಟ್ಟಲೆ ಒಂದೇ ಔಷಧಿ ಹೊಡೆದರೆ ಏನಾಗುತ್ತದೆ ಅಂತ ನೋಡಿರುತ್ತೀರಿ. ಸಾಯುವಂಥದ್ದು ಸಾಯುತ್ತದೆ, ಔಷಧಿಯನ್ನು ತಡೆದುಕೊಂಡದ್ದು ಉಳಿಯುತ್ತದೆ, ಮುಂದೆ ಹೊಲದ ತುಂಬ ಅದರದ್ದೇ ಸಂತಾನ. ಗಡ್ಡೆಯಲ್ಲೂ ಹೀಗೇ. ಕ್ಯಾನ್ಸರ್ ಕೋಶಗಳೆಲ್ಲ ಒಂದೇ ತರ ಇರುವುದಿಲ್ಲ. ಒಡೆಯುವಾಗಲೆಲ್ಲ ಹೊಸ ತಪ್ಪುಗಳು ಸೇರುತ್ತಾ ಹೋಗುತ್ತವೆ. ಟಿ ಕೋಶಕ್ಕೆ ಸಿಕ್ಕಿದ್ದು ಸಾಯುತ್ತದೆ, ಸಿಗದಂಥದ್ದು ಉಳಿದು ಬೆಳೆಯುತ್ತದೆ. ಕಣ್ಣಿಗೆ ಕಾಣುವ ಹುಣ್ಣಾಗುವಷ್ಟರಲ್ಲಿ ಅಲ್ಲಿ ಉಳಿದಿರುವುದು ತಪ್ಪಿಸಿಕೊಳ್ಳಲು ಕಲಿತ ಕೋಶಗಳೇ. ಅಮೆರಿಕದ ರಾಬರ್ಟ್ ಶ್ರೈಬರ್ ತಂಡ 2001ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. ಲಿಂಫೋಸೈಟ್ ಇಲ್ಲದ ಇಲಿಯಲ್ಲಿ ಬೆಳೆದ ಗಡ್ಡೆಯನ್ನು ಆರೋಗ್ಯವಂತ ಇಲಿಗೆ ಹಾಕಿದರೆ ಎಷ್ಟೋ ಸಲ ಅದು ಕರಗಿಹೋಯಿತು. ಆರೋಗ್ಯವಂತ ಇಲಿಯಲ್ಲೇ ಬೆಳೆದ ಗಡ್ಡೆಯನ್ನು ಇನ್ನೊಂದು ಆರೋಗ್ಯವಂತ ಇಲಿಗೆ ಹಾಕಿದರೆ ಅದು ಬೇರೂರಿತು. ಗಟ್ಟಿ ದೇಹದಲ್ಲಿ ಬೆಳೆದು ಬಂದ ಕ್ಯಾನ್ಸರ್ ತಪ್ಪಿಸಿಕೊಳ್ಳುವುದರಲ್ಲಿ ಪಳಗಿರುತ್ತದೆ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ.

ತಪ್ಪಿಸಿಕೊಳ್ಳುವ ದಾರಿಗಳು ಹಲವು. ಒಂದು, ಎಚ್‌ಎಲ್‌ಎ ಅಣುವನ್ನೇ ಹೊರಗೆ ತರದಿರುವುದು. ಅದು ಇಲ್ಲದಿದ್ದರೆ ಟಿ ಕೋಶಕ್ಕೆ ನೋಡಲು ಚೂರೇ ಇರುವುದಿಲ್ಲ. ಆದರೆ ಎನ್‌ಕೆ ಎಂಬ ಇನ್ನೊಂದು ಜಾತಿಯ ಬಿಳಿ ಕಣ ಇದೆ. ಎಚ್‌ಎಲ್‌ಎ ಇಲ್ಲದ ಕೋಶ ಕಂಡರೆ ಅದು ಬಿಡುವುದಿಲ್ಲ. ಹಾಗಾಗಿ ಎಷ್ಟೋ ಗಡ್ಡೆಗಳಲ್ಲಿ ಅರ್ಧ ಮಾತ್ರ ಹೋಗಿರುತ್ತದೆ. ತಾಯಿಯಿಂದ ಬಂದ ಎಚ್‌ಎಲ್‌ಎ ಹೋಗಿ ತಂದೆಯದು ಉಳಿದಿರುತ್ತದೆ, ಇಲ್ಲವೇ ಅದರ ಉಲ್ಟಾ. ಯಾವುದರ ಮೇಲೆ ಕೆಟ್ಟ ಚೂರು ಕಾಣುತ್ತಿತ್ತೋ ಅದೇ ಹೋಗಿದ್ದರೆ ಟಿ ಕೋಶದಿಂದಲೂ ಪಾರು, ಎನ್‌ಕೆಯಿಂದಲೂ ಪಾರು.

ಇದರ ವಿಪರೀತ ರೂಪವನ್ನು ನೋಡಬೇಕೆಂದರೆ ನಮ್ಮ ಬೀದಿ ನಾಯಿಗಳಲ್ಲೇ ಇದೆ. ಹೆಣ್ಣು ನಾಯಿಯ ಜನನಾಂಗದಲ್ಲಿ ಹೂಕೋಸಿನಂತೆ ಕಾಣುವ, ರಕ್ತ ಒಸರುವ ಗಡ್ಡೆಯನ್ನು ಪಶುವೈದ್ಯರೆಲ್ಲ ನೋಡಿರುತ್ತಾರೆ. ಗಂಡಿಗೂ ಬರುತ್ತದೆ. ನಾಯಿಗಳು ಕೂಡುವಾಗ ಜೀವಂತ ಕ್ಯಾನ್ಸರ್ ಕೋಶವೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಸಾವಿರಾರು ವರ್ಷ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಇದು. ಆ ನಾಯಿ ಸತ್ತುಹೋಗಿದೆ, ಅದರ ಕೋಶಗಳು ಇಂದಿಗೂ ಪ್ರಪಂಚದ ಎಷ್ಟೋ ದೇಶಗಳ ನಾಯಿಗಳಲ್ಲಿ ಬದುಕಿವೆ. ಬೇರೆ ನಾಯಿಯ ಅಂಗಾಂಶವನ್ನು ದೇಹ ಒದ್ದು ಹೊರಹಾಕಬೇಕು, ಅಲ್ವಾ? ಹಾಕುವುದಿಲ್ಲ. ಬೆಳೆಯುವ ಹಂತದಲ್ಲಿ ಈ ಕೋಶಗಳು ಎಚ್‌ಎಲ್‌ಎಗೆ ಸಮನಾದ ಅಣುಗಳನ್ನು ಬಹುತೇಕ ಅಡಗಿಸಿಡುತ್ತವೆ. ಜೊತೆಗೆ ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸುರಿಸಿ ಸುತ್ತಲಿನ ಕಣಗಳನ್ನು ಮಂಕಾಗಿಸುತ್ತವೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಡುತ್ತಾ ಹೋದರೆ ಬಹುತೇಕ ನಾಯಿಗಳಲ್ಲಿ ಇದು ಪೂರ್ತಿ ಕರಗುತ್ತದೆ. ಆ ಹೊತ್ತಿನಲ್ಲಿ ತುಣುಕು ತೆಗೆದು ನೋಡಿದವರಿಗೆ ಕಂಡದ್ದೇನು ಗೊತ್ತಾ? ಔಷಧಿ ಬಿದ್ದ ಮೇಲೆ ಬಿಳಿ ಕಣಗಳು ಗಡ್ಡೆಯೊಳಗೆ ತುಂಬಿಕೊಂಡಿದ್ದವು. ಔಷಧಿ ಒಂದಷ್ಟನ್ನು ಕೊಂದಿತು, ಉಳಿದದ್ದನ್ನು ನಾಯಿಯ ದೇಹ ನೋಡಿಕೊಂಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೀಗೆ ಹರಡುವುದು ನಾಯಿಯ ಆ ಗಡ್ಡೆಯ ವಿಶೇಷ. ನಿಮ್ಮ ತಂದೆಯವರ ಬಾಯಿ ಕ್ಯಾನ್ಸರ್ ಯಾರಿಗೂ ಅಂಟುವುದಿಲ್ಲ. ನಮ್ಮ ಊರುಗಳಲ್ಲಿ ಕ್ಯಾನ್ಸರ್ ಆದವರಿಗೆ ತಟ್ಟೆ, ಲೋಟ ಬೇರೆ ಇಡುವುದನ್ನು ನಾನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಮ್ಮಕ್ಕಳು ಅವರ ಜೊತೆ ಕೂತು ಉಣ್ಣಲಿ.

ಈಗ ಇಮ್ಯುನೋಥೆರಪಿಗೆ ಸಂಬಂಧಪಟ್ಟ ದಾರಿಗೆ ಬರುತ್ತೇನೆ. ಟಿ ಕೋಶಕ್ಕೆ ಕೊಲ್ಲುವ ಶಕ್ತಿ ಇರುವಂತೆಯೇ ನಿಲ್ಲಿಸುವ ಏರ್ಪಾಡೂ ಇರಬೇಕು. ಶ್ವಾಸಕೋಶದಲ್ಲಿ ವೈರಸ್ ಸತ್ತ ಮೇಲೂ ಟಿ ಕೋಶಗಳು ಕೊಲ್ಲುತ್ತಲೇ ಇದ್ದರೆ ಶ್ವಾಸಕೋಶವೇ ಉಳಿಯುವುದಿಲ್ಲ. ಅದಕ್ಕೇ ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಇದನ್ನು ಕಂಡುಹಿಡಿಯಿತು. ಎದುರಿನ ಕೋಶ ಪಿಡಿ-ಎಲ್1 ಎಂಬ ಪ್ರೋಟೀನನ್ನು ತೋರಿಸಿ ಪಿಡಿ-1ಗೆ ತಾಗಿಸಿದರೆ ಟಿ ಕೋಶ ತಣ್ಣಗಾಗುತ್ತದೆ. ಟಿ ಕೋಶ ದಾಳಿ ಮಾಡುವಾಗ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ ಬಿಡುತ್ತದೆ. ಅದು ತಗುಲಿದ ಕೂಡಲೇ ಸುತ್ತಲಿನ ಕೋಶಗಳು ಪಿಡಿ-ಎಲ್1 ಅನ್ನು ಹೊರಗೆ ತರುತ್ತವೆ. ಆರೋಗ್ಯವಂತ ಕೋಶಕ್ಕೆ ಇದು ರಕ್ಷಣೆ. ಆದರೆ ಕ್ಯಾನ್ಸರ್ ಕೋಶವೂ ನಮ್ಮದೇ ಕೋಶ ಆದ್ದರಿಂದ ಅದೂ ಇದನ್ನೇ ಮಾಡುತ್ತದೆ. ಅಂದರೆ ದಾಳಿ ಜೋರಾದಷ್ಟೂ ತಡೆಯೂ ಜೋರಾಗುತ್ತದೆ. ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶದ ಪಕ್ಕದಲ್ಲೇ ಸುಮ್ಮನಿರುವ ನೀಲಿ ಚುಕ್ಕೆಗಳನ್ನು ಹೇಳಿದೆನಲ್ಲ, ಅವುಗಳಲ್ಲಿ ಎಷ್ಟೋ ಹೀಗೆ ತಣ್ಣಗಾದವು, ದಣಿದವು.

ಸಿಟಿಎಲ್‌ಎ-4 ಅಂತ ಇನ್ನೊಂದು ತಡೆ ಇದೆ. ಅದು ಟಿ ಕೋಶ ಎಚ್ಚೆತ್ತುಕೊಳ್ಳುವ ಹಂತದಲ್ಲೇ ಹಿಡಿದು ನಿಲ್ಲಿಸುತ್ತದೆ. ಈ ತಡೆಯನ್ನು ಮುಚ್ಚಿದರೆ ದೇಹವೇ ಗಡ್ಡೆಯನ್ನು ಕೊಲ್ಲುತ್ತದೆ ಅಂತ ಅಮೆರಿಕದ ಜೇಮ್ಸ್ ಆಲಿಸನ್ ತೋರಿಸಿದರು. ಆ ಬಗೆಯ ಮೊದಲ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪಿಡಿ-1 ಮುಚ್ಚುವ ಪೆಂಬ್ರೊಲಿಜುಮಾಬ್, ನಿವೊಲುಮಾಬ್ 2014ರಲ್ಲಿ ಬಂದವು. ಆಲಿಸನ್, ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಗಡ್ಡೆಯ ಸುತ್ತಲಿನ ಜಾಗವೂ ಕ್ಯಾನ್ಸರಿನ ಪರವಾಗಿ ತಿರುಗಿರುತ್ತದೆ. ಬೇರೆ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಟಿ-ರೆಗ್ ಎಂಬ ಕೋಶಗಳಿವೆ. ಅವುಗಳ ಶೋಧಕ್ಕೆ 2025ರ ನೊಬೆಲ್ ಸಿಕ್ಕಿದೆ. ಗಡ್ಡೆ ಅವನ್ನು ತನ್ನತ್ತ ಸೆಳೆಯುತ್ತದೆ. ಕಸ ಗುಡಿಸಬೇಕಾದ ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳು ಗಾಯ ಮಾಯಿಸುವ ಕೆಲಸಕ್ಕೆ ತಿರುಗಿ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನೆಲ್ಲ ಎಳೆದುಕೊಂಡು ಲ್ಯಾಕ್ಟಿಕ್ ಆಮ್ಲ ಬಿಡುವುದರಿಂದ ಟಿ ಕೋಶಕ್ಕೆ ಅಲ್ಲಿ ಬದುಕುವುದೇ ಕಷ್ಟ. ಟಿಜಿಎಫ್-ಬೀಟಾ ಅಂತ ಆಗಲೇ ಹೇಳಿದೆನಲ್ಲ, ಅದು ಗಡ್ಡೆಯ ಸುತ್ತ ನಾರಿನ ಪದರ ಕಟ್ಟಿಸುತ್ತದೆ. ಬಿಳಿ ಕಣಗಳು ಅಂಚಿನಲ್ಲೇ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ. ಅಡಿಕೆ ಜಗಿಯುವವರ ಕೆನ್ನೆ ಬಿಗಿಯಾಗಿ ಬಾಯಿ ತೆರೆಯಲಾಗದಂತೆ ಆಗುವುದರ ಹಿಂದೆಯೂ ಇದೇ ರಾಸಾಯನಿಕದ ಕೈವಾಡ ಇದೆ.

ಈಗ ಕಷಾಯದ ವಿಷಯ. ನೆಂಟರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೆ ತೊಂದರೆ ಇರುವುದು ಬಿಳಿ ಕಣ ಕಡಿಮೆ ಇರುವುದರಲ್ಲಿ ಅಲ್ಲ. ಎಚ್‌ಎಲ್‌ಎ ಇಲ್ಲದ ಕೋಶಕ್ಕೆ, ಪಿಡಿ-ಎಲ್1 ತೋರಿಸಿ ಕೂತ ಕೋಶಕ್ಕೆ, ನಾರಿನ ಪದರದೊಳಗಿನ ಕೋಶಕ್ಕೆ ಕಷಾಯ ಏನು ಮಾಡೀತು? ಪುಡಿ, ಟಾನಿಕ್ ಕೊಟ್ಟು ಕೆನ್ನೆ ಕ್ಯಾನ್ಸರ್ ಕರಗಿದ್ದಕ್ಕೆ ಯಾವ ಪುರಾವೆಯೂ ಇಲ್ಲ. ಅಪಾಯ ಮಾತ್ರ ಇದೆ. ಅಮೃತಬಳ್ಳಿಯನ್ನು ಬಹಳ ದಿನ ಕುಡಿದ ಕೆಲವರಲ್ಲಿ ಲಿವರ್ ಊದಿಕೊಂಡಿದ್ದು ಕೋವಿಡ್ ಕಾಲದಲ್ಲಿ ವರದಿಯಾಗಿದೆ. ಲಿವರ್ ಕೆಟ್ಟರೆ ಆಪರೇಷನ್‌ಗೂ ಕೀಮೋಗೂ ತೊಡಕು. ಈಗಾಗಲೇ ಏನಾದರೂ ಕೊಡುತ್ತಿದ್ದರೆ ಮುಚ್ಚಿಡಬೇಡಿ, ಆಪರೇಷನ್ ಮಾಡುವ ಡಾಕ್ಟರಿಗೂ ಅರಿವಳಿಕೆ ಡಾಕ್ಟರಿಗೂ ಹೇಳಿ. ತಂದೆಯವರಿಗೆ ಈಗ ಬೇಕಾಗಿರುವುದು ಊಟ. ಜಗಿಯಲು ಆಗದಿದ್ದರೆ ಮೊಟ್ಟೆ, ಹಾಲು, ರಾಗಿ ಅಂಬಲಿ, ಬೇಳೆ ಕಟ್ಟು, ತುಪ್ಪ ಹಾಕಿ ಮೆತ್ತಗೆ ಕಿವುಚಿದ ಅನ್ನ ಕೊಡಿ. ತೂಕ ಇಳಿಯದಂತೆ ನೋಡಿಕೊಂಡರೆ ಗಾಯ ಚೆನ್ನಾಗಿ ಮಾಯುತ್ತದೆ.

ಇಮ್ಯುನೋಥೆರಪಿಯೂ ಕಷಾಯವೂ ಒಂದೇ ಅಲ್ಲ. ಅದು ಶಕ್ತಿ ತುಂಬುವ ಔಷಧಿ ಅಲ್ಲ. ಪಿಡಿ-1ನಂಥ ಒಂದು ತಡೆಯನ್ನು ಮುಚ್ಚುವ ಇಂಜೆಕ್ಷನ್. ತಡೆ ಹೋದಾಗ ಟಿ ಕೋಶಗಳು ಕ್ಯಾನ್ಸರಿನ ಜೊತೆಗೆ ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರ್ ಮೇಲೂ ಎಗರಬಹುದು. ರೋಗನಿರೋಧಕ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಎಲ್ಲರಿಗೂ ಇದು ಕೆಲಸವನ್ನೂ ಮಾಡುವುದಿಲ್ಲ. ಮರುಕಳಿಸಿದ ಅಥವಾ ಹರಡಿದ ಬಾಯಿ-ಗಂಟಲು ಕ್ಯಾನ್ಸರಿಗೆ ಇದೊಂದನ್ನೇ ಕೊಟ್ಟಾಗ ಗಡ್ಡೆ ಚೆನ್ನಾಗಿ ಕುಗ್ಗುವುದು ಸುಮಾರು ಐದು ಜನರಲ್ಲಿ ಒಬ್ಬರಿಗೆ, ಕೆಲವೊಮ್ಮೆ ಅಷ್ಟೂ ಇಲ್ಲ. ಬಿಳಿ ಕಣಗಳೇ ಬಾರದ ಗಡ್ಡೆಯಲ್ಲಿ ತಡೆ ಮುಚ್ಚಿ ಏನು ಪ್ರಯೋಜನ? ಬಯಾಪ್ಸಿ ತುಣುಕಿನಲ್ಲೇ ಪಿಡಿ-ಎಲ್1 ಎಷ್ಟಿದೆ ಅಂತ ಪರೀಕ್ಷೆ ಮಾಡಬಹುದು. ಅದರಿಂದ ಒಂದು ಅಂದಾಜು ಸಿಗುತ್ತದೆ.

ದುಡ್ಡಿನ ಮಾತೂ ಇದೆ. ಪೂರ್ತಿ ಪ್ರಮಾಣದಲ್ಲಿ ಈ ಔಷಧಿ ನಮ್ಮ ಬಹುಪಾಲು ಮನೆಗಳ ಕೈಗೆಟುಕುವುದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಇದಕ್ಕೆ ಒಂದು ದಾರಿ ಹುಡುಕಿದರು. ಆ ಕೆಲಸದ ಬಗ್ಗೆ ನನಗೆ ತುಂಬ ಗೌರವ. ನಿವೊಲುಮಾಬ್ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು, ಜೊತೆಗೆ ಕಡಿಮೆ ಬೆಲೆಯ ಮಾತ್ರೆಗಳನ್ನು ಸೇರಿಸಿದರು. ಪೂರ್ತಿ ವಾಸಿಯಾಗುವ ಹಂತ ದಾಟಿದ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದ್ದು. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇಕಡಾ 16.3. ಇಂಜೆಕ್ಷನ್ನೂ ತಗೊಂಡವರಲ್ಲಿ ಶೇಕಡಾ 43.4.

ಆದರೆ ನಿಮ್ಮ ತಂದೆಯವರಿಗೆ ಆಪರೇಷನ್ ಆಗುತ್ತದೆ ಅಂತ ಹೇಳಿದ್ದಾರೆ. ಅದೇ ದೊಡ್ಡ ಸಮಾಧಾನ. ತಪ್ಪಿಸಿಕೊಳ್ಳಲು ಕಲಿತ ಕೋಶಗಳನ್ನು ಒಟ್ಟಿಗೇ ಕತ್ತರಿಸಿ ಹೊರಗೆ ಹಾಕುವುದು ಈಗಲೂ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ. ಕೆಲವು ಮುಂದುವರಿದ ಗಡ್ಡೆಗಳಿಗೆ ಆಪರೇಷನ್ನಿನ ಮುಂಚೆ ಮತ್ತು ಆಮೇಲೆ ಪೆಂಬ್ರೊಲಿಜುಮಾಬ್ ಕೊಡಲು 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇವರಿಗೆ ಅದು ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಬೇಡ ಅಂದರೆ ಏನೋ ಕಳೆದುಕೊಂಡೆವು ಅಂತ ಕೊರಗಬೇಡಿ. ಆಪರೇಷನ್ ಆದ ಮೇಲೆ ನನ್ನಂಥವರು ಕೊಡುವ ಪ್ಯಾಥಾಲಜಿ ವರದಿ ಬರುತ್ತದೆ. ಗಡ್ಡೆ ಎಷ್ಟು ಆಳ ಹೋಗಿತ್ತು, ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ, ಕುತ್ತಿಗೆಯ ಎಷ್ಟು ಗಂಟುಗಳಿಗೆ ಹೋಗಿದೆ ಅಂತ ಅದರಲ್ಲಿರುತ್ತದೆ. ಅದನ್ನು ನೋಡಿಯೇ ಕರೆಂಟ್ (ರೇಡಿಯೇಶನ್) ಕೊಡಬೇಕಾ, ಕೀಮೋ ಬೇಕಾ ಅಂತ ನಿರ್ಧಾರ ಮಾಡುತ್ತಾರೆ. ಕರೆಂಟ್ ಬೇಕು ಅಂದರೆ ಆಪರೇಷನ್ ಆಗಿ ಸುಮಾರು ಆರು ವಾರದೊಳಗೆ ಶುರುವಾಗಬೇಕು. ಹೊಗೆಸೊಪ್ಪು ಹರಾಜಿನ ಕಾಲ ಅಂತಲೋ ಮನೆಯಲ್ಲಿ ಮದುವೆ ಅಂತಲೋ ತಡಮಾಡಬೇಡಿ. ಖರ್ಚಿನ ಬಗ್ಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರು) ಮೊದಲ ದಿನವೇ ಕಾಣಿ. ರೇಷನ್ ಕಾರ್ಡು, ಆಧಾರ್ ಎರಡನ್ನೂ ತಗೊಂಡು ಹೋಗಿ.

ಕಡ್ಡಿಪುಡಿಯನ್ನು ತಂದೆಯವರು ಇವತ್ತೇ ಬಿಡಬೇಕು. ಈಗ ಬಿಟ್ಟು ಏನು ಬಂತು ಅನ್ನಬೇಡಿ. ಬಿಟ್ಟವರಲ್ಲಿ ಗಾಯ ಬೇಗ ಮಾಯುತ್ತದೆ, ಕ್ಯಾನ್ಸರ್ ಮರುಕಳಿಸುವುದು ಕಡಿಮೆ. ಕಡ್ಡಿಪುಡಿ ಬಿಟ್ಟು ಬರೀ ಎಲೆ-ಅಡಿಕೆ ಹಾಕುತ್ತೇನೆ ಅಂದರೆ ಅದೂ ಆಗದು. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಮ್ಮ ಕಡೆ ಈ ಮಾತು ಕಹಿ, ಆದರೆ ಮೈಕ್ರೋಸ್ಕೋಪಿನಲ್ಲಿ ನಾನು ದಿನಾ ನೋಡುತ್ತಿರುವುದು ಇದನ್ನೇ.

ಕೊನೆಯದು ನಿಮ್ಮ ಬಗ್ಗೆ. ನೀವೂ ಹಾಕುತ್ತೀರಿ ಅಂತ ಬರೆದಿದ್ದೀರಿ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ಎರಡು ಕೆನ್ನೆಯ ಒಳಗೂ ನಾಲಿಗೆಯ ಅಂಚಿನಲ್ಲೂ ನೋಡಿಕೊಳ್ಳಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದೆಯಾ? ಮೂರು ಬೆರಳು ಒಂದರ ಮೇಲೊಂದು ನೆಟ್ಟಗೆ ಹಿಡಿದರೆ ಹಲ್ಲುಗಳ ನಡುವೆ ಹೋಗುತ್ತವಾ? ಮಚ್ಚೆಯ ಹಂತದಲ್ಲಿ ಸಿಕ್ಕರೆ ಸಣ್ಣ ಚಿಕಿತ್ಸೆಯಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ. ಏನೂ ಕಾಣದಿದ್ದರೂ ಸರಿ, ತಂದೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ಬಾಯಿ ತೋರಿಸಿಕೊಂಡು ಬನ್ನಿ.